ಮೆಂಬರಮ್ಮ ಬಿದ್ದ ಮೆಟ್ಟಿಲು

ಮೊದಲು ನೋಡಿದವನು ಹಾಲಿನವನು. ಕ್ಯಾನನ್ನು ಅಲ್ಲೇ ಕುಕ್ಕಿ ಅವನು ಕೂಗಿದ ಕೂಗಿಗೆ ಕೆಳಪೇಟೆಯ ಕಿಟಕಿಗಳೆಲ್ಲ ಪಟಪಟನೆ ತೆರೆದುಕೊಂಡವು.

"ಮೆಂಬರಮ್ಮ ಬಿದ್ದಿದಾರೆ! ಬನ್ರೋ ಯಾರಾದ್ರೂ!"

ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಕೆಳಪೇಟೆಯಿಂದ ಮೇಲಿನ ಬೀದಿಗೆ ಹತ್ತುವ ಹೊಸ ಮೆಟ್ಟಿಲುಗಳ ಬುಡ. ಅಲ್ಲಿ ಚರಂಡಿ ಮುಚ್ಚಿದ ಕಲ್ಲುಚಪ್ಪಡಿಯ ಮೇಲೆ ವಾರ್ಡಿನ ನಗರಸಭಾ ಸದಸ್ಯೆ ಪಕ್ಕಕ್ಕೆ ಒರಗಿ ಬಿದ್ದಿದ್ದರು. ಬರಿಗಾಲು. ತಲೆಯ ಬಳಿ ರಕ್ತ. ಸಣ್ಣಗೆ ನರಳುತ್ತಿದ್ದರು. ಬಲಗೈ ಮಾತ್ರ ಮೆಟ್ಟಿಲಿನ ಹೊಸ ರೇಲಿಂಗನ್ನು ಬಿಗಿಯಾಗಿ ಹಿಡಿದೇ ಇತ್ತು. ರೇಲಿಂಗಿನ ಕೊನೆಯ ಕಂಬ ಬುಡ ಕಳಚಿಕೊಂಡು ಅವರ ಜತೆಗೇ ಹೊರಕ್ಕೆ ವಾಲಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು ಎಂದು ಹಾಲಿನವನು ಆಮೇಲೆ ಹೇಳಿದ.

ಅಷ್ಟರಲ್ಲಿ ಅವರ ಗಂಡ ಓಡಿ ಬಂದರು. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಮನುಷ್ಯ. ಕೆಳಪೇಟೆಯ ಮೂರು ತಲೆಮಾರಿನ ಮಕ್ಕಳಿಗೆ ಅವರು ಮಿಷನ್ ಮಾಮ. ಹೆಂಡತಿಯ ತಲೆಯನ್ನು ಮಡಿಲಿಗೆ ಎಳೆದುಕೊಂಡು ಏನೇನೋ ಬಡಬಡಿಸಿದರು. ಯಾರಿಗೂ ಒಂದು ಮಾತೂ ಅರ್ಥವಾಗಲಿಲ್ಲ. ಆಂಬುಲೆನ್ಸ್ ಹತ್ತಿಸುವಾಗ ಮೆಂಬರಮ್ಮನಿಗೆ ಪ್ರಜ್ಞೆ ತಪ್ಪಿತು.

ಅಂದೇ ಬೆಳಗ್ಗೆ ಹತ್ತಕ್ಕೆ ಆ ಮೆಟ್ಟಿಲುಗಳ ಉದ್ಘಾಟನೆ. ಸಂಜೆ ನಗರಸಭೆಯಲ್ಲಿ ಮತದಾನ. ಉಳಿದ ಅನುದಾನ ಆಸ್ಪತ್ರೆ ಕಡೆಗೆ ಇಂಥದೇ ಇನ್ನೊಂದು ಮೆಟ್ಟಿಲು ಕಟ್ಟಲೋ, ಮೇಲಿನ ಬೀದಿಯ ಪಾರ್ಕಿಂಗ್ ಕಟ್ಟಡಕ್ಕೋ ಎಂಬ ತೀರ್ಮಾನ. ದಿನ ನೋಡಿಕೊಂಡೇ ಬಿದ್ದ ಹಾಗಿತ್ತು.

* * *

ಇನ್ಸ್‌ಪೆಕ್ಟರ್ ಬರುವ ಹೊತ್ತಿಗೆ ಸುದ್ದಿ ಊರೆಲ್ಲ ಒಂದು ಸುತ್ತು ಹಾಕಿ ವಾಪಸು ಬಂದಿತ್ತು.

"ಬೋಲ್ಟೇ ಹಾಕಿಲ್ವಂತೆ ಮೇಡಂ," ಎಂದರು ದಫೇದಾರರು. ನಿವೃತ್ತಿಯ ಅಂಚಿನಲ್ಲಿದ್ದ ದಪ್ಪ ಮನುಷ್ಯ. ಮೆಟ್ಟಿಲು ಕಣ್ಣಿಗೆ ಬಿದ್ದರೇ ಅವರಿಗೆ ಏದುಸಿರು. "ಮೂವತ್ತು ವರ್ಷ ಪ್ರಾಮಾಣಿಕಳು ಅಂತ ಮೆರೆದು ಕೊನೆಗೆ ರೇಲಿಂಗಲ್ಲಿ ದುಡ್ಡು ತಿಂದ್ಳು ಅಂತ ಮಾತು."

"ಯಾರು ಹೇಳಿದ್ದು?"

"ಎಲ್ಲರೂ."

"ಎಲ್ಲರೂ ಅಂದ್ರೆ ಯಾರೂ ಅಲ್ಲ. ಹಗ್ಗ ಕಟ್ಟಿ, ಯಾರನ್ನೂ ಹತ್ತಿರ ಬಿಡಬೇಡಿ."

ಠಾಣೆಯಲ್ಲಿ ಇನ್ಸ್‌ಪೆಕ್ಟರನ್ನು ಕಂಡರೆ ಕಳ್ಳರಿಗೂ ನಡುಕ, ಪೊಲೀಸರಿಗೂ ನಡುಕ. ಇಲ್ಲಿ ಮಾತ್ರ ಹಾಗಿಲ್ಲ. ಹಗ್ಗದ ಆಚೆ ನಿಂತ ಮುದುಕಿಯೊಬ್ಬಳು, "ಅಯ್ಯೋ, ನಮ್ಮ ಟೈಲರಮ್ಮನ ಮಗಳಲ್ವಾ! ಎಷ್ಟು ಸೊರಗಿದೀಯೇ," ಎಂದು ಎಲ್ಲರಿಗೂ ಕೇಳುವಂತೆ ಅಂದಳು. ದಫೇದಾರರು ಕೆಮ್ಮಿ ಮುಖ ತಿರುಗಿಸಿಕೊಂಡರು.

ಹುಟ್ಟಿ ಬೆಳೆದ ಜಾಗ. ಅವಳು ಹುಡುಗಿಯಾಗಿದ್ದಾಗ ಇಲ್ಲಿ ಬರೀ ಮಣ್ಣಿನ ಇಳಿಜಾರು. ನೀರು ಬೇಕೆಂದರೆ ಕೊಡ ಹೊತ್ತು ಮೇಲಿನ ಬೀದಿಗೆ ಹತ್ತಬೇಕು, ಅಲ್ಲಿಯವರ ಬಾಯಿಗೆ ಬೀಳಬೇಕು, ತುಂಬಿದ ಕೊಡ ಹೊತ್ತು ಇಳಿಯಬೇಕು. ಆಗ ಚುನಾವಣೆಯಲ್ಲಿ ಗೆದ್ದು ಬಂದದ್ದು ಮೆಂಬರಮ್ಮ. ಸಭೆಯಲ್ಲಿ ಮೊದಲ ದಿನವೇ ಎದ್ದು ನಿಂತು, "ಮೊದಲು ಚರಂಡಿ, ಆಮೇಲೆ ನೀರು, ಆಮೇಲೆ ದೀಪ, ಆಮೇಲೆ ನಡೆಯೋ ದಾರಿ. ಭಾಷಣ ಏನಿದ್ರೂ ಇವೆಲ್ಲ ಮುಗಿದ ಮೇಲೆ," ಅಂದಿದ್ದರಂತೆ. ಎಲ್ಲರೂ ನಕ್ಕಿದ್ದರು. ಆ ವರ್ಷವೇ ಚರಂಡಿಗೆ ಚಪ್ಪಡಿ ಬಿತ್ತು. ಮರುವರ್ಷ ನಲ್ಲಿ ಬಂತು. ಬೀದಿದೀಪ ಬಂದ ಸಂಜೆಯಂತೂ ಇನ್ಸ್‌ಪೆಕ್ಟರಿಗೆ ನಿನ್ನೆಯಷ್ಟೇ ನಡೆದ ಹಾಗಿತ್ತು. ಮಕ್ಕಳೆಲ್ಲ ಬೀದಿಗಿಳಿದು ಒಬ್ಬರ ನೆರಳನ್ನೊಬ್ಬರು ತುಳಿದು ಕಿರುಚಾಡಿದ್ದರು. ಅಮ್ಮ ಹೊಲಿಗೆ ಬಿಟ್ಟು ಹೊಸ್ತಿಲ ಮೇಲೆ ಬಂದು ಕೂತಿದ್ದಳು. ಅಮ್ಮ ಸುಮ್ಮನೆ ಕೂತದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಮೆಂಬರಮ್ಮನದೊಂದು ಪದ್ಧತಿ ಇತ್ತು. ಕಾಲುದಾರಿಯಾಗಲಿ ಮೆಟ್ಟಿಲಾಗಲಿ, ಹೊಸ ಕೆಲಸ ಮುಗಿದರೆ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿಕೊಂಡು, ಜನರೆದುರು ತಾವೇ ಅದರ ಮೇಲೆ ನಡೆಯುತ್ತಿದ್ದರು. "ಕಣ್ಣು ಕಾಣದವರು ನಡೆದ್ರೆ ಎಲ್ಲರೂ ನಡೀಬಹುದು," ಎನ್ನುತ್ತಿದ್ದರು. ಕಾಲು ತೊಡರಿತೋ, ಕಂಟ್ರಾಕ್ಟರನ ಬಿಲ್ಲು ವಾಪಸು. ಇವತ್ತೂ ಹತ್ತು ಗಂಟೆಗೆ ಅದೇ ನಡೆಯಬೇಕಿತ್ತು.

ಸಾಕು, ಹಳೇ ಕಥೆ ಎಂದು ತನ್ನನ್ನೇ ಗದರಿಕೊಂಡು ಇನ್ಸ್‌ಪೆಕ್ಟರ್ ಮಂಡಿಯೂರಿದಳು.

ಮೆಟ್ಟಿಲ ಪಕ್ಕದಲ್ಲಿ ಹೂತ ಕಬ್ಬಿಣದ ಪಟ್ಟಿಗೆ ಪ್ರತಿ ಕಂಬವನ್ನೂ ಬೋಲ್ಟು ಹಾಕಿ ಬಿಗಿದಿದ್ದರು. ಕೊನೆಯ ಕಂಬದ ತೂತುಗಳು ಖಾಲಿ. ಆದರೆ ತೂತಿನ ಸುತ್ತ ಹಸಿರು ಬಣ್ಣದಲ್ಲಿ ದುಂಡನೆಯ ಗುರುತು. ವಾಷರ್ ಒತ್ತಿ ಕೂತಿದ್ದ ಗುರುತು.

"ನೋಡಿ ದಫೇದಾರರೇ. ಬೋಲ್ಟು ಇತ್ತು. ತೆಗೆದಿದಾರೆ."

"ಹಾಗಾದ್ರೆ ಇದು..."

"ಹೂಂ. ಬೀಳಿಸಿದ್ದು."

ಇನ್ನೊಂದು ವಿಚಿತ್ರ ಅವಳ ಕಣ್ಣಿಗೆ ಬಿತ್ತು. ಕೊನೆಯ ಮೆಟ್ಟಿಲ ಮುಂದೆ ನೆಲದ ಮೇಲೆ ಮರಳು. ಚೆಲ್ಲಿದ್ದಲ್ಲ, ದಪ್ಪಗೆ ಹಾಸಿದ್ದು. ಮೇಲೆ ಅಂಗೈಯಿಂದ ಸವರಿದ ಗುರುತು ಕೂಡ ಇತ್ತು. ಮೆಂಬರಮ್ಮ ಬಿದ್ದದ್ದು ಮಾತ್ರ ಅದರ ಮೇಲಲ್ಲ, ಪಕ್ಕದ ಕಲ್ಲಿನ ಮೇಲೆ.

* * *

ಕಂಟ್ರಾಕ್ಟರ್ ತನ್ನ ಶೆಡ್ಡಿನಲ್ಲಿ ತಲೆಗೆ ಕೈ ಹೊತ್ತು ಕೂತಿದ್ದ.

"ನಾನೇ ನಿಂತು ಬಿಗಿಸಿದ್ದು ಮೇಡಂ. ನನ್ನ ಮಕ್ಕಳಾಣೆ."

"ಮಕ್ಕಳನ್ನ ಬಿಡಿ. ಅವರ ಮೇಲೆ ನಿಮಗೆ ಕೋಪ ಇತ್ತಂತೆ."

"ಇತ್ತಂತೆ ಏನು ಬಂತು, ಈಗ್ಲೂ ಇದೆ! ಆ ಮಹಾತಾಯಿ ಈ ಮೆಟ್ಟಿಲನ್ನ ಎರಡು ಸಲ ಒಡೆಸಿದಾಳೆ. ಒಂದು ಮೆಟ್ಟಿಲು ಚೂರು ಎತ್ತರ ಆಯ್ತಂತೆ, ಬಸುರಿ ಹೆಂಗಸು ಹತ್ತೋದು ಹೇಗಂತೆ. ಹೆಂಡತಿ ಕೈಲೂ ಅಷ್ಟು ಬೈಸಿಕೊಂಡಿಲ್ಲ ನಾನು." ಹೇಳುತ್ತ ಹೇಳುತ್ತ ಅವನ ದನಿ ಕುಗ್ಗಿತು. "ಆದ್ರೆ ಇಷ್ಟು ವರ್ಷದಲ್ಲಿ ಬಿಲ್ಲು ಪಾಸು ಮಾಡೋಕೆ ನನ್ನ ಹತ್ರ ಒಂದು ಲೋಟ ಟೀ ಮುಟ್ಟಿದವಳಲ್ಲ. ಉಳೀತಾಳಾ ಮೇಡಂ?"

"ಸಂಜೆವರೆಗೆ ಏನೂ ಹೇಳೋಕಾಗಲ್ಲ ಅಂದಿದಾರೆ ಡಾಕ್ಟರು. ಮರಳು ನೀವು ಹಾಸಿಸಿದ್ದಾ?"

"ಮರಳಾ? ಗೋಡೆ ಪಕ್ಕ ಗುಡ್ಡೆ ಹಾಕಿಸಿದ್ದೆ."

"ಈಗ ಕೊನೇ ಮೆಟ್ಟಿಲ ಮುಂದಿದೆ."

"ಉದ್ಘಾಟನೆ ದಿನ ದಾರೀಲಿ ಮರಳು ಹಾಸೋಕೆ ನನಗೇನು ತಲೆ ಕೆಟ್ಟಿದ್ಯಾ?" ಅವನು ನಿಜವಾಗಿ ಕಕ್ಕಾಬಿಕ್ಕಿಯಾದ.

ಕೆಲಸದವರು ಸ್ಪ್ಯಾನರ್ ಹಾಕಿದ ಕಡೆಯೆಲ್ಲ ಬಣ್ಣ ಕಿತ್ತು ಬಂದಿತ್ತು. ಉಳಿದ ಕಂಬಗಳ ನಟ್ಟುಗಳನ್ನು ಅವಳು ನೋಡಿಯೇ ಬಂದಿದ್ದಳು. ಕೊನೆಯ ಕಂಬದ ಪಾದದಲ್ಲಿ ಬಿಗಿದಾಗಿನ ಗೀರು ಬಿಟ್ಟರೆ, ಬಿಚ್ಚಿದ ಹೊಸ ಗೀರು ಒಂದೂ ಇರಲಿಲ್ಲ. ತೆಗೆದವರ ಕೈ ಬಹಳ ಹಗುರ.

* * *

ಮುಂದಿನ ಚುನಾವಣೆಗೆ ಮೆಂಬರಮ್ಮನ ಎದುರು ನಿಲ್ಲುವವನು ಮೇಲಿನ ಬೀದಿಯ ಬಟ್ಟೆ ಅಂಗಡಿ ಯಜಮಾನ. ಬಾಯಿ ತೆರೆದರೆ ಪಾರ್ಕಿಂಗ್ ಕಟ್ಟಡ. ಅದಕ್ಕೇ ಜನ ಅವನಿಗೆ ಪಾರ್ಕಿಂಗ್ ಧಣಿ ಅನ್ನುತ್ತಿದ್ದರು. ಅಂಗಡಿಯ ಮುಂದೆ ಕ್ಯಾಮೆರಾ ಹೆಗಲಿಗೇರಿಸಿದ ಫೋಟೋಗ್ರಾಫರ್ ಆಕಳಿಸುತ್ತ ನಿಂತಿದ್ದ.

"ಇವನು ಯಾಕೆ ಬಂದಿದಾನೆ?"

ಧಣಿ ಸ್ವಲ್ಪ ನಾಚಿಕೊಂಡ. "ಹತ್ತು ಗಂಟೆಗೆ ಅವರು ಕಣ್ಣು ಮುಚ್ಚಿ ಇಳೀತಾರಲ್ಲ, ಅದರ ಫೋಟೋಗೆ. 'ಕಣ್ಣು ಮುಚ್ಚಿ ಆಡಳಿತ' ಅಂತ ಪೋಸ್ಟರ್ ಮಾಡೋಣ ಅಂತಿದ್ವಿ."

"ಬೋಲ್ಟು ತೆಗೆದದ್ದು ನೀವಾ?"

"ಏನು ಮಾತು ಅಂತ ಆಡ್ತೀರಾ! ಜಗಳ ಇರೋದು ಕೆಲಸದ ಮೇಲೆ. ಇವತ್ತಿನ ಕಾಲದಲ್ಲಿ ಮೆಟ್ಟಿಲು ಯಾರಿಗೆ ಬೇಕು ಅಂತ ಕೇಳ್ತೀನಿ, ಅಷ್ಟೇ." ಅವನು ದನಿ ತಗ್ಗಿಸಿದ. "ಒಂದು ಮಾತು ಕೇಳ್ಲಾ? ಕಾರ್ಯಕ್ರಮ ಇದ್ದದ್ದು ಹತ್ತಕ್ಕೆ. ಬೆಳಕು ಹರಿಯೋ ಮುಂಚೆ ಅವರು ಅಲ್ಲಿ ಏನು ಮಾಡ್ತಿದ್ರು?"

ಇನ್ಸ್‌ಪೆಕ್ಟರ್ ಉತ್ತರ ಕೊಡುವ ಮೊದಲೇ ಫೋನು ಬಡಿದುಕೊಂಡಿತು. ಮೇಯರ್.

"ರೇಲಿಂಗ್ ಕಳಪೆಯೋ ಅಲ್ವೋ, ಅಷ್ಟು ಹೇಳಿ."

"ಕಳಪೆ ಅಲ್ಲ ಸರ್. ಬೋಲ್ಟು ಬೇಕಂತ್ಲೇ ತೆಗೆದಿದಾರೆ."

"ಯಾರು?"

"ಹುಡುಕ್ತಿದೀನಿ."

"ಯಾರೋ ತೆಗೆದ್ರು ಅಂತ ನಾನು ಸಭೇಲಿ ಹೇಳಿದ್ರೆ ನಗ್ತಾರೆ ಕಣಮ್ಮ. ಆ ಯಾರೋ ಯಾರು ಅಂತ ಸಂಜೆಯೊಳಗೆ ಗೊತ್ತಾಗದಿದ್ರೆ ಮೆಟ್ಟಿಲಿನ ಕೆಲಸ ಕ್ಯಾನ್ಸಲ್. ಅವರ ಮೇಲೆ ವಿಚಾರಣೆ ಬೇರೆ. ನನಗೂ ಬೇಜಾರೇ. ಆದ್ರೆ ಏನು ಮಾಡ್ಲಿ?"

ಫೋನನ್ನು ಜೇಬಿಗಿಟ್ಟು ಅವಳು ಮೆಟ್ಟಿಲ ಕಡೆ ಹೆಜ್ಜೆ ಹಾಕಿದಳು. ಮೆಂಬರಮ್ಮ ಆಸ್ಪತ್ರೆಯಲ್ಲಿ ಬಾಯಿಲ್ಲದೆ ಮಲಗಿದ್ದಾರೆ. ಎದ್ದರೆ ಕಳ್ಳಿ ಎಂಬ ಹೆಸರು ಕಾದಿರುತ್ತದೆ. ಏಳದಿದ್ದರೆ ಅದೇ ಹೆಸರಲ್ಲಿ ಹೋಗುತ್ತಾರೆ.

* * *

ಅವಳು ವಾಪಸು ಬಂದು ಕೊನೆಯ ಮೆಟ್ಟಿಲ ಮೇಲೆ ಕೂತಳು.

"ಊಟಕ್ಕೆ ಹೋಗೋಣ್ವಾ?" ಎಂದು ದಫೇದಾರರು ಆಸೆಯಿಂದ ಕೇಳಿದರು.

"ನಿಮಗೆ ಒಬ್ಬರನ್ನ ಕೊಲ್ಲಬೇಕು ಅಂದುಕೊಳ್ಳಿ. ಯಾವ ಕಂಬ ಸಡಿಲ ಮಾಡ್ತೀರಿ?"

"ನಾನಾ? ಮೇಲಿಂದು. ಉರುಳಿ ಉರುಳಿ ಬರಲಿ ಅಂತ."

"ಇವರು ಕೆಳಗಿಂದು ಮಾಡಿದಾರೆ. ಬಿದ್ರೂ ಒಂದೆರಡು ಮೆಟ್ಟಿಲು. ಸಾಲದು ಅಂತ ಕೆಳಗೆ ಮರಳು ಹಾಸಿದಾರೆ."

"ಅಂದ್ರೆ ಬೀಳಿಸೋನೂ ಅವನೇ, ಪೆಟ್ಟಾಗಬಾರ್ದು ಅನ್ನೋನೂ ಅವನೇ? ಇದೆಂಥಾ ಹುಚ್ಚು ಮೇಡಂ!"

ಅವಳು ಸುತ್ತ ಕಣ್ಣಾಡಿಸಿದಳು. ಮೆಟ್ಟಿಲೂ ಗೋಡೆಯೂ ಸೇರುವ ಮೂಲೆಯಲ್ಲಿ ಒಂದು ಚಪ್ಪಟೆ ಕಲ್ಲು ಇತ್ತು. ಹೊಸ ಕೆಲಸದ ಜಾಗದಲ್ಲಿ ಅದು ಪಾಚಿ ಹಿಡಿದ ಹಳೇ ಕಲ್ಲು. ಎತ್ತಿದಳು. ಅಡಿಯಲ್ಲಿ ಒಂದು ತಗಡಿನ ಡಬ್ಬಿಯ ಮುಚ್ಚಳ. ಅದರಲ್ಲಿ ಬೋಲ್ಟುಗಳು.

ಎಸೆದದ್ದಲ್ಲ. ಸಾಲಾಗಿ ಮಲಗಿಸಿದ್ದರು. ಪ್ರತಿಯೊಂದಕ್ಕೂ ಅದರದೇ ವಾಷರ್ ತೊಡಿಸಿ, ಅದರದೇ ನಟ್ಟನ್ನು ಒಂದು ಸುತ್ತು ತಿರುಗಿಸಿ ಇಟ್ಟಿದ್ದರು. ಮತ್ತೆ ಹಾಕುವವರು ಇಡುವ ರೀತಿ. ಅವಳು ಒಂದನ್ನು ಮೂಗಿನ ಹತ್ತಿರ ತಂದಳು. ತೆಳ್ಳನೆಯ ಎಣ್ಣೆ.

ಕೂತಲ್ಲೇ ಅವಳಿಗೆ ತಮ್ಮ ಹಳೇ ಮನೆಯ ಮುಂದಿನ ಕೋಣೆ ಕಂಡಿತು. ನೆಲದ ಮೇಲೆ ಹಳೇ ಪೇಪರು. ಅದರ ಮೇಲೆ ಅಮ್ಮನ ಹೊಲಿಗೆ ಯಂತ್ರದ ಬಿಡಿಭಾಗಗಳು ಬಿಚ್ಚಿದ ಕ್ರಮದಲ್ಲೇ ಸಾಲಾಗಿ. ಪ್ರತಿ ಸ್ಕ್ರೂವಿಗೂ ಅದರದೇ ವಾಷರ್. "ಇವು ಜೋಡಿ ಕಣೇ ಪುಟ್ಟಿ. ಅದಲುಬದಲು ಮಾಡಿದ್ರೆ ಮಿಷನ್ನು ಮುನಿಸಿಕೊಳ್ಳುತ್ತೆ," ಎಂದು ಅವಳ ಪುಟ್ಟ ಅಂಗೈಗೆ ಒಂದು ಹನಿ ಎಣ್ಣೆ ಬಿಟ್ಟು ನಗುತ್ತಿದ್ದ ಮನುಷ್ಯ. ರಿಪೇರಿ ಮುಗಿದ ಮೇಲೆ ಅಮ್ಮ ಚಕ್ರ ತಿರುಗಿಸಿದರೆ ಮನೆಗೆ ಮತ್ತೆ ಜೀವ ಬರುತ್ತಿತ್ತು.

ಇನ್ನೂ ಒಂದು ನೆನಪು ಬಂತು. ಬೇಡ ಬೇಡವೆಂದರೂ ಬಂತು. ಒಂದು ಬೆಳಗಿನ ಜಾವ, ಕಿಟಕಿಯಲ್ಲಿ ಅವಳು. ಹೊರಗೆ ಹೊಸ ಕಾಲುದಾರಿಯ ಮೇಲೆ ಮೆಂಬರಮ್ಮ ಕಣ್ಣು ಮುಚ್ಚಿ, ಗೋಡೆ ಸವರಿಕೊಂಡು ನಡೆಯುತ್ತಿದ್ದರು. ಪಕ್ಕದಲ್ಲಿ ಗಂಡ. ಒಂದು ಕಡೆ ಕಲ್ಲಿಗೆ ಕಾಲು ಎಡವಿತು. ಗೋಡೆ ಬಿಟ್ಟು ಗಂಡನ ಹೆಗಲು ಹಿಡಿದುಕೊಂಡರು. ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು, ಸಣ್ಣ ಹುಡುಗರು ನಗುವ ಹಾಗೆ. ಕಿಟಕಿಯಲ್ಲಿ ಹುಡುಗಿಯನ್ನು ಕಂಡು ಮೆಂಬರಮ್ಮ ಬೆರಳು ತುಟಿಗಿಟ್ಟು, "ಯಾರಿಗೂ ಹೇಳ್ಬೇಡ. ಜನರೆದುರು ಬಿದ್ರೆ ವಾರ್ಡಿನ ಮಾನ ಹೋಗುತ್ತೆ, ಅದಕ್ಕೆ ಮೊದಲೇ ಬಿದ್ದು ನೋಡ್ತೀನಿ," ಅಂದಿದ್ದರು.

ಅವಳು ಯಾರಿಗೂ ಹೇಳಿರಲಿಲ್ಲ. ಇವತ್ತಿನವರೆಗೂ.

"ದಫೇದಾರರೇ, ನೀವು ಊಟಕ್ಕೆ ಹೋಗಿ," ಎಂದಳು.

"ಮತ್ತೆ ನೀವು?"

"ನಾನು ಒಂದು ಮನೇಗೆ ಹೋಗ್ಬೇಕು."

ಅವಳ ಮುಖ ನೋಡಿ ದಫೇದಾರರು ಊಟದ ಮಾತು ಬಿಟ್ಟು ಹಿಂದೆಯೇ ಬಂದರು.

* * *

ಮೆಂಬರಮ್ಮನ ಮನೆ ಮುಂದಿನ ಬೆಂಚಿನ ಮೇಲೆ ಎಂದಿನಂತೆ ಜನ. ಒಬ್ಬನಿಗೆ ಮನೆ ಕಂದಾಯದ ತಕರಾರು, ಒಬ್ಬಳಿಗೆ ವಿಧವಾ ವೇತನ. ಯಾಕೆ ಬಂದಿರಿ, ಅವರು ಆಸ್ಪತ್ರೆಯಲ್ಲಿದ್ದಾರಲ್ಲ ಎಂದರೆ, "ಮತ್ತೆಲ್ಲಿಗೆ ಹೋಗೋಣ?" ಎಂದು ಅತ್ತರು.

ಮಿಷನ್ ಮಾಮ ಒಳಗಿದ್ದರು. ಹೊದಿಕೆ, ಫ್ಲಾಸ್ಕು ತರಲು ಡಾಕ್ಟರು ಕಳಿಸಿದ್ದರಂತೆ. ಆ ಗಡಿಬಿಡಿಯಲ್ಲೂ ಹೊರಗಿನವರಿಗೆ ಟೀ ಇಟ್ಟಿದ್ದರು. ಒಲೆಯ ಹತ್ತಿರ ಸಕ್ಕರೆ ಡಬ್ಬಿಯನ್ನು ಕೈಯಿಂದ ತಡಕಿ ಹುಡುಕುತ್ತಿದ್ದರು.

"ಬಾ ಪುಟ್ಟಿ. ಸಕ್ಕರೆ ಕಮ್ಮೀನಾ ನಿಂಗೆ ಈಗ್ಲೂ?"

ಅವಳು ಮುಚ್ಚಳವನ್ನು ಮೇಜಿನ ಮೇಲಿಟ್ಟಳು. ಇಡುವಾಗ ಒಂದು ಬೋಲ್ಟು ಜಾರಿ ಅಡ್ಡವಾಯಿತು. ಮಾಮನ ಬೆರಳು ತಾನಾಗಿ ಮುಂದೆ ಬಂದು ಅದನ್ನು ಸಾಲಿಗೆ ಸರಿಸಿತು. ಸರಿಸಿದ ಮೇಲೆ ಬೆರಳು ಅಲ್ಲೇ ನಿಂತಿತು.

ಟೀ ಉಕ್ಕಿತು. ದಫೇದಾರರು ಹೋಗಿ ಒಲೆ ಆರಿಸಿದರು.

"ಮಾಮ," ಎಂದಳು ಇನ್ಸ್‌ಪೆಕ್ಟರ್. "ನಾನು ಹೇಳ್ತೀನಿ. ತಪ್ಪಿದ್ರೆ ತಿದ್ದಿ. ದಯವಿಟ್ಟು ತಿದ್ದಿ."

ಅವರು ಕೂತರು.

"ಜನರೆದುರಿನ ನಡಿಗೆ ಊರಿಗೆಲ್ಲ ಗೊತ್ತು. ಅದಕ್ಕಂತ ಬಲೆ ಹಾಕಿದ್ರೆ ಬೋಲ್ಟು ಎಸೆದು ಹೋಗ್ತಿದ್ರು. ಇಲ್ಲಿ ಹತ್ತು ಗಂಟೆಯೊಳಗೆ ವಾಪಸು ಹಾಕೋಕೆ ಅಂತ ಜೋಡಿಸಿ ಇಟ್ಟಿದಾರೆ. ಬೇರೆ ಯಾರೂ ಬೀಳಬಾರ್ದು, ಅವರೊಬ್ಬರೇ ಬೀಳ್ಬೇಕು, ಬೆಳಗಿನ ಜಾವವೇ ಬೀಳ್ಬೇಕು. ಆ ಹೊತ್ತಲ್ಲಿ ಅವರು ಗುಟ್ಟಾಗಿ ನಡೆದು ನೋಡ್ತಾರೆ ಅಂತ ಪ್ರಪಂಚದಲ್ಲಿ ಇಬ್ಬರಿಗೇ ಗೊತ್ತು. ಒಬ್ಬಳು ನಾನು."

ಮಾಮ ತಲೆ ತಗ್ಗಿಸಿದರು.

"ಕಂಟ್ರಾಕ್ಟರ್ ಹುಡುಗರು ಬಿಚ್ಚಿದ್ರೆ ಬಣ್ಣ ಕೀಳ್ತಿತ್ತು. ಧಣಿ ಬಿಚ್ಚಿಸಿದ್ರೆ ಮರಳು ಹಾಸ್ತಿರಲಿಲ್ಲ. ಇದನ್ನ ಬಿಚ್ಚಿದವರು ಮೊದಲು ಎಣ್ಣೆ ಬಿಟ್ಟು, ಕಾದು, ಆಮೇಲೆ ತಿರುಗಿಸಿದಾರೆ. ಮಿಷನ್ ಎಣ್ಣೆ. ವಾಸನೆ ನಂಗೆ ಗೊತ್ತಿಲ್ವಾ? ಬೀಳೋರ ಮೇಲೆ ಪ್ರೀತಿ ಇದ್ದವರು ಮಾಡಿದ ಕೆಲಸ ಇದು. ಯಾಕೆ ಮಾಮ?"

ಮಾಮ ಮುಚ್ಚಳವನ್ನು ತಮ್ಮ ಹತ್ತಿರ ಎಳೆದುಕೊಂಡರು.

"ಕಾಲು ಉಳುಕಬೇಕಿತ್ತು, ಅಷ್ಟೇ," ಎಂದರು ಕೊನೆಗೆ. "ನಾಡಿದ್ದು ಪಕ್ಷದ ಟಿಕೆಟಿಗೆ ಅರ್ಜಿ ಹಾಕೋಕೆ ಕೊನೇ ದಿನ. ಕಾಲು ಉಳುಕಿದ್ರೆ ಡಾಕ್ಟರು ಮಲಗಿ ಅಂತಾರೆ, ಈ ಸಲ ತಪ್ಪಿ ಹೋಗುತ್ತೆ ಅಂದ್ಕೊಂಡೆ. ಮುಂದಿನ ಸಲ ನಿಲ್ಲಲ್ಲ ಅಂತ ಹೋದ ಸಲ ಹೇಳಿದ್ಳು. ಅದರ ಹಿಂದಿನ ಸಲಾನೂ ಹೇಳಿದ್ಳು."

"ಬೇಡ ಅಂತ ಬಾಯಲ್ಲಿ ಹೇಳ್ಬಹುದಿತ್ತಲ್ಲ?"

"ಯಾವಾಗ?" ಅವರು ಬಾಗಿಲ ಕಡೆ ಕೈ ತೋರಿಸಿದರು. "ಬೆಳಗೆದ್ರೆ ಅವರು. ರಾತ್ರಿ ಫೋನು. ನಾನು ಬೇಡ ಅಂದವನಲ್ಲ ಪುಟ್ಟಿ. ಇಷ್ಟು ವರ್ಷ ಅವಳ ಜನಕ್ಕೆ ಟೀ ಮಾಡಿದೀನಿ, ಖುಷಿಯಿಂದಲೇ ಮಾಡಿದೀನಿ. ಆದ್ರೆ ನಂಗೆ ಕಣ್ಣು ಮಂಜಾಗ್ತಾ ಬಂತು. ಡಾಕ್ಟರು ಕೈ ಚೆಲ್ಲಿದ್ರು. ಇನ್ನು ಸ್ವಲ್ಪ ಕಾಲ ಅಂದ್ರು. ಕಾಣೋವಷ್ಟು ದಿನ ಅವಳನ್ನ ಎದುರಿಗೆ ಕೂರಿಸ್ಕೊಂಡು ನೋಡೋಣ ಅನ್ನಿಸ್ತು."

ದಫೇದಾರರು ಗೋಡೆ ಕಡೆ ತಿರುಗಿ ನಿಂತರು.

"ಅವರಿಗೆ ಗೊತ್ತಾ?"

"ಹೇಳೋಕೆ ಹೋದಾಗೆಲ್ಲ ಯಾರೋ ಬಾಗಿಲು ತಟ್ತಿದ್ರು."

"ಮತ್ತೆ ಮರಳು ಬಿಟ್ಟು ಕಲ್ಲಿಗೆ ಯಾಕೆ ಬಿದ್ರು?"

"ಅಲ್ಲೇ ಕೆಟ್ಟೆ ನಾನು." ಅವರ ಮುಖ ಮುದುಡಿತು. "ಕಂಬ ಅಲ್ಲಾಡಿದ ಕೂಡಲೇ ಕೈ ಬಿಡ್ತಾಳೆ, ಮುಂದಕ್ಕೆ ಮರಳಿಗೆ ಬೀಳ್ತಾಳೆ ಅಂದ್ಕೊಂಡೆ. ಹಿಂದೆಲ್ಲ ಹಾಗೇ ತಾನೇ? ಎಡವಿದ್ರೆ ಗೋಡೆ ಬಿಟ್ಟು ನನ್ನ ಹಿಡ್ಕೊಳ್ಳೋಳು. ಇವತ್ತು ನಾನು ಪಕ್ಕದಲ್ಲಿಲ್ಲ, ಮೈಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿ ಮರೆಯಲ್ಲಿ ನಿಂತಿದೀನಿ. ಅವಳು ಬಿಡಲೇ ಇಲ್ಲ. ರೇಲಿಂಗನ್ನ ಇನ್ನೂ ಗಟ್ಟಿಯಾಗಿ ಹಿಡ್ಕೊಂಡ್ಳು. ಅದು ಹೊರಕ್ಕೆ ವಾಲ್ತು, ಅವಳನ್ನೂ ಎಳ್ಕೊಂಡು ಹೋಯ್ತು. ನಾನು ತಡಕಾಡಿಕೊಂಡು ಬರೋದ್ರೊಳಗೆ ಹಾಲಿನವನು ಕೂಗಿದ್ದ. ಮೂವತ್ತು ವರ್ಷದಲ್ಲಿ ಅವಳು ಹಿಡಿದದ್ದನ್ನ ಬಿಟ್ಟವಳೇ ಅಲ್ಲ. ಊರಿಗೆಲ್ಲ ಗೊತ್ತಿರೋದು ನಂಗೇ ಗೊತ್ತಾಗಲಿಲ್ಲ ನೋಡು."

ಇನ್ಸ್‌ಪೆಕ್ಟರ್ ಅಳಲಿಲ್ಲ. ಅಳಬೇಕೆನ್ನಿಸಿತ್ತು.

"ಮಾಮ, ಹೊರಗೆ ಏನು ಮಾತಾಡ್ತಿದಾರೆ ಗೊತ್ತಾ? ಬೋಲ್ಟು ಹಾಕದೆ ದುಡ್ಡು ತಿಂದ್ರು ಅಂತ. ಸಂಜೆ ಸಭೇಲಿ ಅವರನ್ನ ಕಳ್ಳಿ ಮಾಡ್ತಾರೆ."

ಅವರು ಕತ್ತೆತ್ತಿದರು. ಬೆಳಗಿನಿಂದ ಆಸ್ಪತ್ರೆಯಲ್ಲಿದ್ದವರ ಕಿವಿಗೆ ಅದು ಬಿದ್ದಿರಲಿಲ್ಲ.

"ಅವಳನ್ನಾ?"

"ಹೂಂ."

ಮಾಮ ಎದ್ದರು. ಗೂಟಕ್ಕೆ ನೇತುಹಾಕಿದ್ದ ಇಸ್ತ್ರಿ ಶರ್ಟು ತಡಕಿ ತೆಗೆದು ಹಾಕಿಕೊಂಡರು. ಗುಂಡಿಯನ್ನು ಕತ್ತಿನವರೆಗೂ ಹಾಕಿದರು.

"ಕೈಗೆ ಕೋಳ ಹಾಕ್ತೀಯೋ ಏನು ಮಾಡ್ತೀಯೋ ಮಾಡು. ಮೊದಲು ಸಭೆಗೆ ಕರ್ಕೊಂಡು ನಡಿ."

* * *

ಸಭಾಂಗಣ ಗಿಜಿಗುಡುತ್ತಿತ್ತು. ಮೆಂಬರಮ್ಮನ ಕುರ್ಚಿ ಖಾಲಿ. ಯಾರೋ ಆಗಲೇ "ಮೂವತ್ತು ವರ್ಷದ ಮೋಸ" ಎಂದು ಭಾಷಣ ಶುರು ಮಾಡಿದ್ದರು. ಇನ್ಸ್‌ಪೆಕ್ಟರ್ ಮೇಯರ ಕಿವಿಯಲ್ಲಿ ಎರಡು ಮಾತು ಹೇಳಿದಳು. ಮೇಯರ ಮುಖದ ಬಣ್ಣವೇ ಬದಲಾಯಿತು. ಮೇಜು ಕುಟ್ಟಿ ಎಲ್ಲರನ್ನೂ ಸುಮ್ಮನಿರಿಸಿದರು.

ಮಿಷನ್ ಮಾಮನಿಗೆ ಮೈಕಿನ ಮುಂದೆ ಮಾತಾಡಿ ಗೊತ್ತಿರಲಿಲ್ಲ. ಮೈಕಿನ ಪಕ್ಕಕ್ಕೆ ನಿಂತರು.

"ರೇಲಿಂಗ್ ಗಟ್ಟಿಯಾಗೇ ಇತ್ತು. ಬೋಲ್ಟು ಬಿಚ್ಚಿದ್ದು ನಾನು. ಇಗೋ ಇಲ್ಲಿವೆ." ಮುಚ್ಚಳವನ್ನು ಮೇಜಿನ ಮೇಲಿಟ್ಟರು. "ನಾನು ಅವಳ ಗಂಡ. ಅವಳು ಮನೇಲಿರಲಿ ಅಂತ ಮಾಡಿದೆ. ಅವಳು ಒಂದು ಕಾಸೂ ಮುಟ್ಟಿದವಳಲ್ಲ. ಕಂಟ್ರಾಕ್ಟರ್ ಬಿಗಿದ ಬೋಲ್ಟು ತೆಗೆಯೋಕೆ ನಂಗೆ ರಾತ್ರಿಯೆಲ್ಲ ಬೇಕಾಯ್ತು, ಅಷ್ಟು ಗಟ್ಟಿ. ಮೆಟ್ಟಿಲು ಕಟ್ಟಿ. ನನ್ನ ಸಿಟ್ಟು ಮೆಟ್ಟಿಲ ಮೇಲೆ ತೀರಿಸಬೇಡಿ."

ಪ್ರೇಕ್ಷಕರ ಸಾಲಿನಲ್ಲಿ ಪಾರ್ಕಿಂಗ್ ಧಣಿ ಎದ್ದು ನಿಂತ. ಮುಚ್ಚಳದಲ್ಲಿದ್ದ ಬೋಲ್ಟುಗಳನ್ನು ಇಣುಕಿ ನೋಡಿ ಮತ್ತೆ ಕೂತ. ಮತಕ್ಕೆ ಹಾಕಿದಾಗ ಮೆಟ್ಟಿಲಿನ ಪರವೇ ಹೆಚ್ಚು ಕೈಗಳು ಎದ್ದವು. ಬೆಳಗ್ಗೆ ಪಾರ್ಕಿಂಗ್ ಕಡೆ ಇದ್ದವರ ಕೈಗಳೂ ಕೆಲವು ಅದರಲ್ಲಿದ್ದವು.

ಹೊರಗೆ ಬಂದಾಗ ಇನ್ಸ್‌ಪೆಕ್ಟರ್ ಮಾಮನ ಮೊಣಕೈ ಹಿಡಿದುಕೊಂಡಳು. ಬಂಧನಕ್ಕೋ ಆಸರೆಗೋ ಅವಳಿಗೇ ಸ್ಪಷ್ಟವಿರಲಿಲ್ಲ.

* * *

ಸಂಜೆ ಬೆಳಕು ಇಳಿಯುವ ಹೊತ್ತಿಗೆ ಮೆಂಬರಮ್ಮನಿಗೆ ಪ್ರಜ್ಞೆ ಬಂತು. ಗಂಡಾಂತರ ಕಳೆಯಿತು ಎಂದರು ಡಾಕ್ಟರು. ಕಣ್ಣು ಬಿಟ್ಟವರೇ ಕೇಳಿದ್ದು ಒಂದೇ ಮಾತು.

"ಓಟು?"

"ಮೆಟ್ಟಿಲಿಗೇ ಬಂತು," ಎಂದಳು ಇನ್ಸ್‌ಪೆಕ್ಟರ್.

ಆಮೇಲೆ ಉಳಿದದ್ದನ್ನೂ ಹೇಳಿದಳು. ಮುಚ್ಚಿಡಲಿಲ್ಲ. ಒಂದನ್ನು ಮಾತ್ರ ಹೇಳಲಿಲ್ಲ. ಅದು ಮಾಮನೇ ಹೇಳಬೇಕಾದದ್ದು.

ಮೆಂಬರಮ್ಮ ಸೂರು ನೋಡುತ್ತ ಮಲಗಿದ್ದರು. ತಲೆಗೆ ಕಟ್ಟಿದ ಬಟ್ಟೆಯ ಕೆಳಗೆ ಮುಖ ಸಣ್ಣದಾಗಿ ಕಂಡಿತು.

"ಕೇಸು ಹಾಕಿದ್ಯಾ?"

"ಹಾಕಿದೀನಿ."

"ಸರಿ. ಅದು ಜನರ ಆಸ್ತಿ. ನನ್ನ ಗಂಡ ಅಂತ ಬಿಟ್ಟಿದ್ರೆ ನಿನ್ನ ಕಿವಿ ಹಿಂಡ್ತಿದ್ದೆ." ಕಣ್ಣಂಚಿನಿಂದ ನೀರು ಇಳಿದು ದಿಂಬಿಗೆ ಬಿತ್ತು. "ಯಾರ್ಯಾರ ಮನೆ ಕಷ್ಟ ಎಲ್ಲ ಕೇಳಿದೆ ಕಣೇ. ಪಕ್ಕದಲ್ಲಿ ಮಲಗೋನನ್ನ ಕೇಳಲಿಲ್ಲ. ಎಲ್ಲಿದಾನೆ?"

"ಹೊರಗೆ. ದಫೇದಾರರ ಜತೆ."

ಹೊರಗೆ ಬರೀ ಮಾಮ ಇರಲಿಲ್ಲ. ಅರ್ಧ ಕೆಳಪೇಟೆ ಕಾರಿಡಾರಿನಲ್ಲಿ ನೆರೆದಿತ್ತು. ಹಾಲಿನವನು, ಕಂಟ್ರಾಕ್ಟರ್, ಬೆಂಚಿನ ಮೇಲೆ ಕೂತಿದ್ದವರು. ಬಾಗಿಲು ತೆರೆದದ್ದೇ ಎಲ್ಲರೂ ನುಗ್ಗಿದರು. "ಒಂದೇ ನಿಮಿಷ ಮೇಡಂ, ಮುಖ ನೋಡಿಕೊಂಡು ಹೋಗ್ತೀವಿ."

"ಅವರೆಲ್ಲ ಆಮೇಲೆ," ಎಂದು ಒಳಗಿನಿಂದ ಮೆಂಬರಮ್ಮನ ದನಿ ಬಂತು. ಕ್ಷೀಣವಾಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ಮೊದಲು ಅವನನ್ನ ಕಳಿಸು."

ಜನ ಸರಿದು ದಾರಿ ಬಿಟ್ಟರು. ಮಾಮ ಬಾಗಿಲ ಚೌಕಟ್ಟು ಸವರಿಕೊಂಡು ಒಳಗೆ ಹೋದರು. ಮಂಚದಿಂದ ಮಾರು ದೂರದಲ್ಲೇ ನಿಂತರು, ತಪ್ಪು ಮಾಡಿದ ಹುಡುಗನ ಹಾಗೆ.

"ಹತ್ರ ಬಾ. ಕೂತ್ಕೋ," ಎಂದರು ಮೆಂಬರಮ್ಮ. "ಬೈಯೋದು ಆಮೇಲೆ ಬೇಕಾದಷ್ಟಿದೆ. ಈಗ ಹೇಳು. ನಿನ್ನ ಕಷ್ಟ ಏನು?"

ಮಾಮ ಮಂಚದ ಅಂಚು ಸವರಿಕೊಂಡು ಕೂತರು. ಮೆಂಬರಮ್ಮ ಅವಸರ ಮಾಡಲಿಲ್ಲ.

ಇನ್ಸ್‌ಪೆಕ್ಟರ್ ಹೊರಗೆ ಬಂದು ಬಾಗಿಲೆಳೆದುಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ನಮ್ಮನ್ನ ಯಾವಾಗ ಬಿಡ್ತಾರಮ್ಮ?" ಎಂದು ಬೆಳಗಿನ ಮುದುಕಿ ಕೇಳಿದಳು.

"ಇವತ್ತು ಇಲ್ಲ ಅಜ್ಜಿ," ಎಂದಳು. "ಎಲ್ಲರೂ ಮನೇಗೆ ಹೋಗಿ."